ಎರಡು ಬೆರಳು ಸಡಿಲ

ಟೇಪಿನ ತುದಿಯಲ್ಲಿ ಒಂದು ಎನ್ನುವ ಅಂಕಿ ಅಳಿಸಿಹೋಗಿದೆ, ಎರಡು ಅರ್ಧ ಉಳಿದಿದೆ, ಇದೇನು ನನ್ನ ಅಂಗಡಿಯ ನಲವತ್ತು ವರ್ಷದ ಟೇಪಲ್ಲ, ಸರ್ಕಾರ ಕೊಟ್ಟದ್ದು, ಎರಡೇ ತಿಂಗಳಲ್ಲಿ ನನ್ನ ಹೆಬ್ಬೆರಳು ಅಂಕಿಯನ್ನು ತಿಂದು ಮುಗಿಸಿತು — ಹಾಗಾದರೆ ಎಷ್ಟು ಎದೆಗಳಾದವು, ಬೇಡ, ಆ ಲೆಕ್ಕ ಬೇಡ, ಕೈ ಎತ್ತಪ್ಪಾ, ಉಸಿರು ಬಿಡು, ಇಳಿಸು, ಮೂವತ್ತನಾಲ್ಕು ಎಂದು ಕೂಗುತ್ತೇನೆ, ಮೇಜಿನ ಹಿಂದಿನ ಗುಮಾಸ್ತ ತಲೆಯೆತ್ತದೆ ಬರೆದುಕೊಂಡು ಮುದ್ರೆ ಒತ್ತುತ್ತಾನೆ, ಮುಂದಿನವನು. ಶಾಲೆಯ ಬೆಂಚುಗಳನ್ನೆಲ್ಲ ಗೋಡೆಗೆ ಒಟ್ಟಿದ್ದಾರೆ, ಕರಿಹಲಗೆಯ ಮೇಲೆ ಯಾವುದೋ ಮಗುವಿನ ಭಾಗಾಕಾರ ಅರ್ಧಕ್ಕೇ ನಿಂತಿದೆ, ಎರಡು ತಿಂಗಳಿಂದ ಅದನ್ನು ಒರೆಸಿದವರೂ ಇಲ್ಲ ಮುಗಿಸಿದವರೂ ಇಲ್ಲ, ಅಂಗಿ ಬಿಚ್ಚಿ ತೋಳಿಗೆ ಹಾಕಿಕೊಂಡವರ ಸಾಲು ಬಾಗಿಲು ದಾಟಿ ಅಂಗಳಕ್ಕೆ ಹೋಗಿದೆ, ಆ ಸಾಲಿನಲ್ಲಿ ಒಂಬತ್ತನೆಯವನು ನನ್ನ ತಂಗಿಯ ಮಗ. ಕಡ್ಡಿ, ಮನೆಯವರೆಲ್ಲ ಕರೆಯುವುದು ಹಾಗೇ, ಗಡಿಯಾರ ರಿಪೇರಿಯವನು, ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಬಾಗಿ ಕೂತು ಕೂತು ಎದೆ ಒಳಕ್ಕೆ ಹೋಗಿದೆ, ಅವನು ನನ್ನತ್ತ ನೋಡುತ್ತಿಲ್ಲ, ನೋಡಬಾರದೆಂದು ನಿನ್ನೆ ಸಂಜೆಯೇ ಮಾತಾಡಿಕೊಂಡಿದ್ದೇವೆ. ಎದೆ ಮೂವತ್ತೆರಡು ಇಂಚು ಇದ್ದರೆ ಸೈನ್ಯಕ್ಕೆ, ಕಡಿಮೆಯಿದ್ದರೆ ಮನೆಗೆ. ಕಡ್ಡಿಯದು ಮೂವತ್ತೊಂದೂವರೆ, ಬಿಗಿಯಾಗಿ ಹಿಡಿದರೆ.

ಬಿಗಿಯಾಗಿ ಹಿಡಿಯುವುದು ನನಗೆ ಗೊತ್ತಿಲ್ಲವಲ್ಲ, ಬಂದ ಕಷ್ಟವೇ ಅದು, ಯುದ್ಧ ಶುರುವಾದ ವಾರವೇ ಊರಿನ ಬಟ್ಟೆಯೆಲ್ಲ ಸಮವಸ್ತ್ರಕ್ಕೆ ಹೋಗಿ ನನ್ನ ಅಂಗಡಿಗೆ ಬೀಗ ಬಿತ್ತು, ಆಮೇಲೆ ಯಾರೋ ಬಂದು ಮಾಸ್ಟ್ರೇ, ಶಾಲೆ ಹತ್ರ ಬನ್ನಿ, ಹುಡುಗರ ಎದೆ ಅಳತೆ ತಗೋಬೇಕು ಎಂದರು, ದರ್ಜಿಗೆ ಅಳತೆ ತಗೋ ಎಂದರೆ ಅವನು ಹೇಗೆ ತೆಗೆಯುತ್ತಾನೆ, ಅಂಗಿಗೆ ತೆಗೆಯುತ್ತಾನೆ, ಟೇಪಿನೊಳಗೆ ಎರಡು ಬೆರಳು ತೂರಿಸಿ, ಮೈಗೆ ಉಸಿರಾಡಲು ಜಾಗ ಬಿಟ್ಟು — ಹಾಗೆ ಬಿಡದಿದ್ದಾಗಲೆಲ್ಲ ನನ್ನ ಗುರು ಮೊಳಕೋಲಿನಿಂದ ಗೆಣ್ಣಿಗೆ ಹೊಡೆಯುತ್ತಿದ್ದರು, ಹೆಣಕ್ಕೆ ಹೊಲೀತಿದೀಯೇನೋ, ಉಸಿರಿಗೆ ಜಾಗ ಬಿಡೋ — ಬಿಟ್ಟೆ, ನಲವತ್ತು ವರ್ಷ ಬಿಟ್ಟೆ, ಇಲ್ಲಿಯೂ ಎರಡು ತಿಂಗಳು ಬಿಟ್ಟೆ. ಸಮವಸ್ತ್ರ ಅವರ ಮೈಗೆ ಹಿತವಾಗಿರಲಿ ಎಂದು. ಮೊನ್ನೆ ಮಧ್ಯಾಹ್ನ ಗುಮಾಸ್ತನನ್ನು ಸುಮ್ಮನೆ ಕೇಳಿದೆ, ಅಂಗಿಗಳು ಸರಿಯಾಗಿ ಕೂರುತ್ತಿವೆಯಂತಾ ಎಂದು, ಅವನು ನಕ್ಕುಬಿಟ್ಟ, ಅಂಗಿಗೆ ಯಾರ್ರೀ ಅಳತೆ ನೋಡ್ತಾರೆ ಮಾಸ್ಟ್ರೇ, ಅದು ದೊಡ್ಡದು ಚಿಕ್ಕದು ಅಂತ ಎರಡೇ ಥರ ಬರೋದು, ಇದು ಹುಡುಗ ಬೇಕಾ ಬೇಡ್ವಾ ಅಂತ ನೋಡೋದಕ್ಕೆ. ನಾನು ಲೋಟದ ನೀರು ಕುಡಿದೆ, ಮತ್ತೆ ಟೇಪು ಎತ್ತಿಕೊಂಡೆ, ಬೇರೆ ಏನು ಮಾಡಲಿ, ಎರಡು ಬೆರಳೆಂದರೆ ಒಂದು ಇಂಚು ಹೆಚ್ಚು, ಮೂವತ್ತೆರಡು ಎಂದು ನಾನು ಕೂಗಿದವರೆಲ್ಲ ಒಬ್ಬೊಬ್ಬರಾಗಿ ಕಣ್ಣಮುಂದೆ ಬಂದು ಕೈ ಎತ್ತಿ ನಿಂತರು. ಬ್ರೆಡ್ಡಿನ ಅಂಗಡಿಯವನ ಮಗ, ಮೊದಲನೇ ದಿನ, ಕಚಗುಳಿ ಆಗುತ್ತೆ ಮಾಸ್ಟ್ರೇ ಎಂದು ನಕ್ಕಿದ್ದ, ಕಂಕುಳಲ್ಲಿ ಹಿಟ್ಟಿನ ವಾಸನೆ, ಮೂವತ್ತೆರಡು, ಹೋದ ವಾರ ಅವನ ಸಾವಿನ ಕಾಗದ ಬಂತು, ಅವರಪ್ಪ ಅಂಗಡಿ ತೆರೆದಿದ್ದಾನೆ, ಏನೂ ಆಗದವನಂತೆ ಬ್ರೆಡ್ಡು ಕೊಯ್ಯುತ್ತಾನೆ, ನಾನು ಆ ಬೀದಿಯಲ್ಲಿ ಹೋಗುವುದನ್ನೇ ಬಿಟ್ಟಿದ್ದೇನೆ.

ಕೈ ಎತ್ತು, ಇಳಿಸು, ಮೂವತ್ತಾರು, ಇವನು ಪೈಲ್ವಾನ, ಇವನ ಪಾಪ ನನಗಿಲ್ಲ, ಮುಂದೆ ಇನ್ನು ಐದು ಜನ. ಯಾಕಾಗಿ ಇದೆಲ್ಲ ಎಂದು ಕೇಳಿದರೆ ಈ ಸಾಲಿನಲ್ಲಿ ಒಬ್ಬನೂ ನೆಟ್ಟಗೆ ಹೇಳಲಾರ, ಎಲ್ಲೋ ಎರಡು ಸಣ್ಣ ದೇಶಗಳಂತೆ, ನಕ್ಷೆಯಲ್ಲಿ ಅಂಗಿಯ ಗುಂಡಿಯಷ್ಟಗಲ, ನಡುವೆ ಒಂದು ನದಿ, ನದಿಯಲ್ಲೊಂದು ಮರಳಿನ ದಿಬ್ಬ, ಇವರು ಅಲ್ಲಿ ಕಾವಲಿನ ಗುಡಿಸಲು ಹಾಕಿದರು, ಅವರು ಸುಟ್ಟರು, ಅಷ್ಟೇ, ಬೇಸಿಗೆ ಮುಗಿಯುವಷ್ಟರಲ್ಲಿ ನೆರೆ ಬಂದು ದಿಬ್ಬವನ್ನೇ ಕೊಚ್ಚಿಕೊಂಡು ಹೋಗುತ್ತಿತ್ತು. ಆದರೆ ಸುಟ್ಟವರ ಬೆನ್ನಿಗೆ ಒಬ್ಬ ದೊಡ್ಡಣ್ಣನಿದ್ದ, ಸುಡಿಸಿಕೊಂಡವರ ಬೆನ್ನಿಗೆ ನಾವಿದ್ದೆವು, ನಾವೂ ದೊಡ್ಡವರೇ, ಇಪ್ಪತ್ತು ವರ್ಷದ ಹಿಂದೆ ಯಾರೋ ನಮ್ಮ ಹೆಸರಿನಲ್ಲಿ ಸಹಿ ಹಾಕಿದ್ದರು, ನಿನ್ನ ಮೈಮುಟ್ಟಿದರೆ ನನ್ನ ಮೈಮುಟ್ಟಿದ ಹಾಗೆ ಎಂದು, ದೊಡ್ಡಣ್ಣನೂ ಇನ್ನೊಬ್ಬನಿಗೆ ಹಾಗೇ ಹಾಕಿದ್ದ, ಆ ಇನ್ನೊಬ್ಬ ಮತ್ತೊಬ್ಬನಿಗೆ. ನಮ್ಮ ಬೀದಿಯಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಇಬ್ಬರು ಹೆಂಗಸರು ಜಗಳವಾಡಿ, ಗಂಡಂದಿರು ಬಂದು, ಗಂಡಂದಿರಿಗೆ ಭಾವಮೈದುನರು ಬಂದು, ಕೊನೆಗೆ ಕೈ ಮುರಿದದ್ದು ಬಿಡಿಸಲು ಹೋದವನದು, ಆ ಹೆಂಗಸರು ಮಾರನೇ ವಾರ ಅದೇ ಹಗ್ಗಕ್ಕೆ ಒಟ್ಟಿಗೆ ಬಟ್ಟೆ ಹಾಕುತ್ತಿದ್ದರು. ರೇಡಿಯೋದವನು ದಿನಾ ಬೆಳಿಗ್ಗೆ ಹೇಳುತ್ತಾನೆ, ಕೊಟ್ಟ ಮಾತಿಗೆ ತಪ್ಪಲಾರೆವು, ಯಾರಿಗೂ ಯುದ್ಧ ಬೇಕಿರಲಿಲ್ಲವಂತೆ, ನಂಬುತ್ತೇನೆ, ಬೇಕಿರಲಿಲ್ಲ, ಒಪ್ಪಂದವನ್ನು ಮೈಗೆ ಅಂಟಿಸಿ ಹೊಲಿದಿದ್ದರು, ಎಲ್ಲಿಯೂ ಒಂದು ಬೆರಳು ಸಡಿಲ ಬಿಟ್ಟಿರಲಿಲ್ಲ, ಒಬ್ಬ ಕೈ ಎತ್ತಿದರೆ ಎಲ್ಲರ ಬಗಲೂ ಹರಿಯಲೇಬೇಕು. ಬಿಡಬೇಕಾದಲ್ಲಿ ಬಿಡಲಿಲ್ಲ ಅವರು, ಬಿಡಬಾರದ ಕಡೆ ಬಿಟ್ಟವನು ನಾನು. ಸಾಕಾಗಿದೆ ನನಗೆ, ಕಾಲು ನೋಯುತ್ತಿದೆ, ಹುಡುಗರ ಬೆವರಿನ ವಾಸನೆ ಸಾಕಾಗಿದೆ, ಇನ್ನು ಮೂವರು.

ನಿನ್ನೆ ತಂಗಿಗೆ ಎಲ್ಲ ಹೇಳಿಬಿಟ್ಟೆ, ಬೈಯುತ್ತಾಳೆ ಎಂದುಕೊಂಡಿದ್ದೆ, ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು, ಹಾಗಾದ್ರೆ ಅಣ್ಣಾ, ನಾಳೆ ಇವನಿಗೆ ಬಿಗಿಯಾಗಿ ಹಿಡಿ, ಸುಳ್ಳೇನಲ್ವಲ್ಲ, ಇರೋದನ್ನೇ ಕೂಗು, ಹಾವೂ ಸಾಯುತ್ತೆ ಕೋಲೂ ಮುರಿಯಲ್ಲ, ಮಾತು ಕೊಡು. ಕೊಟ್ಟೆ. ಅಡುಗೆಮನೆಯಲ್ಲೇ ಅವನನ್ನು ನಿಲ್ಲಿಸಿ ಅಳೆದು ನೋಡಿದೆವು, ಬಿಗಿಯಾಗಿ, ಮೂವತ್ತೊಂದೂವರೆ, ಅವಳು ಅತ್ತಳು, ಮಗ ಸಣಕಲು ಎಂದು ಸಂತೋಷಪಟ್ಟು ಅತ್ತ ತಾಯಿಯನ್ನು ಮೊದಲ ಸಲ ನೋಡಿದೆ. ಇದೇ ತಂಗಿ, ಇವನಿಗೆ ಮೂರು ವರ್ಷವಿದ್ದಾಗ, ಏಳಿದ್ದಾಗ, ಹತ್ತಿದ್ದಾಗ, ಪ್ರತಿ ವರ್ಷ ಅಂಗಡಿಯ ಬಾಗಿಲಲ್ಲಿ ನಿಂತು, ಅಣ್ಣಾ, ಬೆಳೆಯೋ ಮಗು, ಎರಡು ಬೆರಳು ಹೆಚ್ಚೇ ಬಿಡು — ಇನ್ನೊಬ್ಬ. ನಿನ್ನೆಯಿಂದ ಎಲ್ಲರಿಗೂ ಬೆರಳು ಹೊರಗಿಡಲು ನೋಡುತ್ತಿದ್ದೇನೆ, ಹತ್ತರಲ್ಲಿ ಮೂರು ಸಲ ಅವು ತಾವಾಗಿ ನುಗ್ಗುತ್ತವೆ, ನೋಡಿಕೊಂಡು ಎಳೆದುಕೊಳ್ಳುತ್ತೇನೆ, ಈಗ ನೋಡಿಕೊಂಡೇ ಹಿಡಿಯಬೇಕು, ಬೆರಳು ಹೊರಗೆ, ಟೇಪು ಬಿಗಿ, ಮೂವತ್ತೊಂದೂವರೆ ಎಂದು ಕೂಗಬೇಕು, ಅಷ್ಟೇ ಕೆಲಸ.

ಬಂದ. ಕೈ ಎತ್ತಪ್ಪಾ ಎನ್ನುತ್ತೇನೆ, ಗುರುತಿಲ್ಲದವನಂತೆ, ಎತ್ತುತ್ತಾನೆ, ಎಡ ಪಕ್ಕೆಯಲ್ಲಿ ಸೈಕಲ್ಲಿನಿಂದ ಬಿದ್ದ ಹಳೇ ಗಾಯ, ಅದನ್ನು ಕಟ್ಟಿದ್ದು ನಾನೇ, ಉಸಿರು ಬಿಡು, ಎಷ್ಟು ಬಿಸಿ ಮೈ, ಜ್ವರವಾ, ಭಯ, ಮುಖ ನೋಡಬಾರದೆಂದುಕೊಂಡಿದ್ದೆ, ನೋಡಿದೆ, ಹತ್ತು ವರ್ಷದವನ ಮುಖವೇ, ಅಂಗಿ ಯಾವಾಗ ಕೊಡ್ತೀರಾ ಮಾವ ಎನ್ನುವ ಮುಖ, ಇಳಿಸು, ಮೂವತ್ತೆರಡೂವರೆ — ಕೂಗಿದ್ದು ನಾನು. ನನ್ನದೇ ದನಿ. ಗುಮಾಸ್ತ ಬರೆದ. ಕೆಳಗೆ ನೋಡಿದರೆ ಟೇಪಿನೊಳಗೆ ನನ್ನ ಎರಡು ಬೆರಳು. ಮಾತು ಆಡಿದರೆ ಹೋಯಿತು ಮುತ್ತು ಒಡೆದರೆ ಹೋಯಿತು, ಆದರೂ ತಡೀರಿ ಎಂದೆ, ಟೇಪು ಜಾರಿತು, ಇನ್ನೊಂದು ಸಲ ನೋಡ್ತೀನಿ ಎಂದೆ, ಗುಮಾಸ್ತ ಇವತ್ತು ಮೊದಲ ಸಲ ತಲೆಯೆತ್ತಿದ, ನನ್ನ ನೋಡಿದ, ಕಡ್ಡಿಯ ಮೂಗು ನೋಡಿದ, ನಮ್ಮಿಬ್ಬರದೂ ಒಂದೇ ಮೂಗು, ಏನು ಮಾಸ್ಟ್ರೇ, ನಿಮ್ಮೋರಾ, ಎರಡು ತಿಂಗಳಿಂದ ಜಾರದ ಟೇಪು ಮನೆಯೋರು ಬಂದಾಗಲೇ ಜಾರಬೇಕಾ, ಹೋಗ್ಲಿ ಬಿಡಿ, ನಾನೇನೂ ಕೇಳಿಸಿಕೊಂಡಿಲ್ಲ — ಒತ್ತಿದ, ಮುದ್ರೆ. ಕಡ್ಡಿ ಅಂಗಿ ಹಾಕಿಕೊಂಡ, ನಾನು ಹೊಲಿದದ್ದು, ಈಗಲೂ ಭುಜದಲ್ಲಿ ಸಡಿಲ, ಗುಂಡಿ ಹಾಕಿಕೊಳ್ಳುತ್ತಾ ಮೆಲ್ಲಗೆ, ಪರವಾಗಿಲ್ಲ ಬಿಡಿ ಮಾವ ಎಂದ, ಅವನೇ ನನಗೆ ಹೇಳಿದ.

ಮುಂದಿನವನು ಕೈ ಎತ್ತಿ ನಿಂತಿದ್ದಾನೆ, ಮಾಸ್ಟ್ರೇ ಎಂದ ಗುಮಾಸ್ತ, ಮತ್ತೆ ಮಾಸ್ಟ್ರೇ ಎಂದ, ಟೇಪು ನನ್ನ ಕೈಯಿಂದ ನೇತಾಡುತ್ತಿದೆ, ಆ ದೇಶ ಈ ದೇಶ ಎಲ್ಲ ಕೊಟ್ಟ ಮಾತು ಉಳಿಸಿಕೊಂಡವು, ತಂಗಿ ಬಾಗಿಲಲ್ಲಿ ಕಾಯುತ್ತಿರುತ್ತಾಳೆ, ನನ್ನ ಮುಖಕ್ಕಿಂತ ಮೊದಲು ಕೈ ನೋಡುತ್ತಾಳೆ, ಅಳೆಯುವಾಗ ಗೊತ್ತಾಗಿತ್ತಲ್ಲ ನನಗೆ, ಬೆರಳ ತುದಿಗೆ ಅವನ ಎದೆ ಬಡಿಯುತ್ತಿತ್ತು, ಗಡಿಯಾರಕ್ಕಿಂತ ಜೋರಾಗಿ, ಬೆರಳು ಹೊರಗಿದ್ದಿದ್ದರೆ ಅದು ಬಡಿಯುವುದು ಹೇಗೆ ತಿಳಿಯುತ್ತಿತ್ತು, ತಿಳಿದಿತ್ತು, ಆದರೂ ಕೂಗಿದೆ, ಎರಡು ಬೆರಳು, ಬಡಿಯುತ್ತಿತ್ತು, ಎರಡು ಬೆರಳು —