ತಡವಾಗಿ ಬೀಳುತ್ತಿದ್ದ ಪೆಟ್ಟು

ಕಲ್ಲಿನ ಮೇಲೆ ಒಣಮೀನು ಇಟ್ಟು ಸೈಯುನ್ ಸುತ್ತಿಗೆಯಿಂದ ಜಜ್ಜುತ್ತಿದ್ದಳು. ಜಜ್ಜಿದಷ್ಟೂ ಅದು ನಾರುನಾರಾಗುತ್ತದೆ, ಬೆಣ್ಣೆ ಹಚ್ಚಿದರೆ ಹಲ್ಲಿಗೆ ಬಗ್ಗುತ್ತದೆ. ಮಧ್ಯಾಹ್ನಕ್ಕೆ ಅದೇ ಊಟ, ಜೊತೆಗೆ ಕಾಫಿ.

“ಮಾರಾಯ್ತಿ, ಆ ಮೀನೇನು ನಿನ್ನ ಹಳೇ ಗಂಡನಾ? ಹಂಗ್ ಚಚ್ತಿದೀಯಲ್ಲ!” ಗಿಟಾರಿನ ಓರ್ರಿ ಹಳೇ ಕಾರ್ಖಾನೆಯ ದೊಡ್ಡ ಟ್ಯಾಂಕಿನ ಬಾಯಿಂದ ತಲೆ ಹೊರಹಾಕಿ ಕೂಗಿದ.

“ಗಂಡನಿಗೆ ಇಷ್ಟು ಬೆಣ್ಣೆ ಯಾರೋ ಹಚ್ತಾರೆ? ಹೋಗ್ ಹೋಗು, ನಿನ್ನ ತಂತಿ ಶ್ರುತಿ ಮಾಡ್ಕೋ.”

ಹಿಂದೆ ಆ ಟ್ಯಾಂಕಿನಲ್ಲಿ ಹೆರಿಂಗ್ ಮೀನಿನ ಎಣ್ಣೆ ತುಂಬಿಡುತ್ತಿದ್ದರು. ಮೀನು ಕೊಲ್ಲಿ ಬಿಟ್ಟು ಹೋಗಿ ಎರಡು ತಲೆಮಾರಾಯಿತು, ಕಾರ್ಖಾನೆ ಹಾಳು ಬಿದ್ದಿತ್ತು. ಒಳಗೆ ಕೆಮ್ಮಿದರೂ ಆ ಸದ್ದು ಕಬ್ಬಿಣದ ಗೋಡೆ ಸುತ್ತಿ ಸುತ್ತಿ ನಿಧಾನಕ್ಕೆ ಅಡಗುತ್ತದೆ. ಅದಕ್ಕೆ ಮನಸೋತೇ ಬ್ಯಾಂಡಿನವರು ಹೊಸ ಆಲ್ಬಮ್ಮನ್ನು ಇಲ್ಲಿ ರೆಕಾರ್ಡ್ ಮಾಡಲು ಬಂದಿದ್ದರು. ಹಾರ್ಮೋನಿಯಂಗೆ ಸೈಯುನ್, ಗಿಟಾರಿಗೆ ಓರ್ರಿ, ಚೆಲ್ಲೊಗೆ ಹಲ್ಲಾ. ಡ್ರಮ್ ಇಲ್ಲ.

ಡ್ರಮ್ ಬಾರಿಸುತ್ತಿದ್ದವನು ಏವಿಂದುರ್. ಅಣ್ಣ ಕಡಲಪಾಲಾದ ಮೇಲೆ ಮನೆಯ ಕುರಿ ನೋಡಿಕೊಳ್ಳಲು ಪೂರ್ವದ ಕಡೆ ಹೋದವನು ಮರಳಲಿಲ್ಲ. ಹೊರಟ ದಿನ ಸೈಯುನ್ ಉಕ್ಕಿ ಬಂದ ಅಳು ನುಂಗಿಕೊಂಡು, “ಹೋಗೋ, ನಮ್ ಹಾಡಿಗೆ ಡ್ರಮ್ ಇಲ್ದಿದ್ರೂ ನಡಿಯತ್ತೆ” ಎಂದುಬಿಟ್ಟಿದ್ದಳು. ಅವನು ಅದನ್ನೇ ನಿಜ ಎಂದುಕೊಂಡ. ಫೋನು ಮಾಡಿದರೆ ಅವನದು ಹವೆಯ ಮಾತು, ಕುರಿಯ ಮಾತು, ತಿರುಗಿ ಹವೆ. ಕೊನೆಗೆ ಕಾಗದ ಬರೆದಳು: ನೀನಿಲ್ಲದೆ ಆಗುವುದಿಲ್ಲ, ಬಾ. ಬರೆದು ಮೂರು ಚಳಿಗಾಲ ಕಳೆದರೂ ಕಾಗದ ಅವಳ ಕಾರಿನಲ್ಲೇ ಓಡಾಡುತ್ತಿತ್ತು. ಅಂಚೆಗೆ ಹಾಕಿದರೆ ಉತ್ತರ ಬರುತ್ತದೆ. ತಾನು ಬರುವುದಿಲ್ಲ ಎಂದು ಅವನು ಬರೆದುಬಿಟ್ಟರೆ? ಆಮೇಲೆ ಕಾಯುವುದಕ್ಕೂ ಏನೂ ಉಳಿಯುವುದಿಲ್ಲ.

ಊಟವಾದ ಮೇಲೆ ರೆಕಾರ್ಡಿಂಗ್ ನೋಡಿಕೊಳ್ಳುತ್ತಿದ್ದ ಬೆರ್ಗ್‌ದೀಸ್ ಬೆಳಿಗ್ಗೆ ನುಡಿಸಿದ್ದ ಹಾಡನ್ನು ಟ್ಯಾಂಕಿನೊಳಗೆ ಹಾಕಿ ಕೇಳಿಸಿದಳು. ರಾಜಧಾನಿಯಿಂದ ಬಂದವಳು, ಬ್ಯಾಂಡಿಗೆ ಹೊಸಬಳು. ಹಾಡು ಮೆಲ್ಲನೆ ಎದ್ದು ತುದಿಗೇರುವ ಹೊತ್ತಿಗೆ ಸರಿಯಾಗಿ ನಿಂತಿತು. ಒಂದು ಉಸಿರಿನಷ್ಟು ಮೌನ, ಮತ್ತೆ ಶುರು.

“ಇಲ್ಲಿ ಮೂರೂ ಜನ ಯಾಕೆ ನಿಂತುಬಿಡ್ತೀರಿ? ನಿನ್ನೆನೂ ಹಿಂಗೇ ಆಯ್ತು.”

“ಇವಳು ನಿಲ್ಸಿದ್ಲು, ನಾನೂ ನಿಲ್ಸಿದೆ,” ಎಂದ ಓರ್ರಿ, ಸೈಯುನ್ ಕಡೆ ಕೈ ತೋರಿಸಿ.

“ಸುಳ್ಳ! ನೀನೇ ಮೊದ್ಲು ಕೈ ಎತ್ತಿದ್ದು.”

ಹಲ್ಲಾ ಚೆಲ್ಲೊ ಒರೆಸುವುದನ್ನು ನಿಲ್ಲಿಸಿದಳು. “ಜಗಳ ಯಾಕ್ರೋ? ನಾನಂತೂ ಏವಿಂದುರ್‌ಗೆ ಕಾಯ್ತಿದ್ದೆ.”

ಹಾಡು ತುದಿ ಮುಟ್ಟುವಾಗ ಏವಿಂದುರ್ ಕೋಲು ಎತ್ತಿ ಹಿಡಿದು, ಎಲ್ಲರ ಉಸಿರು ಕಟ್ಟಿಸಿ, ಒಂದಿಷ್ಟು ತಡಮಾಡಿಯೇ ಪೆಟ್ಟು ಹಾಕುತ್ತಿದ್ದ. ಅವನು ಹೋದರೂ ಅವನ ತಡ ಇವರ ಕೈಯಲ್ಲಿ ಉಳಿದುಕೊಂಡಿತ್ತು. ಡ್ರಮ್ ಬೇಡವೆಂದು ಹೊಸದಾಗಿ ಕಟ್ಟಿದ ಹಾಡಿನಲ್ಲೂ ಅವನಿಗೆ ಜಾಗ ಬಿಟ್ಟಿದ್ದರು, ಒಬ್ಬರಿಗೊಬ್ಬರು ಹೇಳದೆ.

“ಕತ್ತರಿಸಿ ಜೋಡಿಸ್ಲಾ? ಗೊತ್ತೇ ಆಗಲ್ಲ,” ಎಂದಳು ಬೆರ್ಗ್‌ದೀಸ್.

“ಮುಟ್ಟಬೇಡ,” ಎಂದಳು ಸೈಯುನ್. ದನಿ ಗೋಡೆ ಸುತ್ತಿಕೊಂಡು ಅವಳ ಕಿವಿಗೇ ಬಂತು.

ಹೊರಗೆ ಅಂಚೆಯ ವ್ಯಾನು ದಿಬ್ಬ ಇಳಿಯುವ ಸದ್ದು ಕೇಳಿಸಿತು. ಸೈಯುನ್ ಕೋಟೂ ಹಾಕಿಕೊಳ್ಳದೆ ಕಾರಿನತ್ತ ಓಡಿ, ಕಾಗದ ಎತ್ತಿಕೊಂಡು ರಸ್ತೆಗೆ ಅಡ್ಡ ನಿಂತಳು.

ಡ್ರೈವರ್ ಲಕೋಟೆ ತಿರುಗಿಸಿ ನೋಡಿದ. “ಏನಮ್ಮಾ ಇದು, ಇಷ್ಟು ಹಳದಿಯಾಗಿದೆ! ನಿಮ್ಮಜ್ಜಿ ಬರೆದದ್ದಾ?”

“ನಾನೇ ಬರೆದದ್ದು ಕಣಯ್ಯ. ಹಿಮ ಬಿದ್ದು ದಾರಿ ಮುಚ್ಚೋದ್ರೊಳಗೆ ತಲುಪಿಸು.”

ಅವನು ಕಾಗದವನ್ನು ಚೀಲಕ್ಕೆ ಹಾಕಿ ಬಾಗಿಲೆಳೆದುಕೊಂಡ. ವ್ಯಾನು ಹೊರಟಿತು. ವಾಪಸು ಕೇಳಬೇಕೆನ್ನಿಸಿ ಸೈಯುನ್ ನಾಲ್ಕು ಹೆಜ್ಜೆ ಅದರ ಹಿಂದೆ ಓಡಿದಳು, ಆಮೇಲೆ ನಿಂತಳು. ಅದು ಕೊಲ್ಲಿಯ ತಿರುವು ದಾಟಿ ಪೂರ್ವಕ್ಕೆ ಹೋಯಿತು.