‘ಬಿಡು’ ಮೇಷ್ಟ್ರ ಗಂಟು

‘ಬಿಡು’ ಎನ್ನದೆ ಒಂದು ವಾಕ್ಯವನ್ನು ಮುಗಿಸಿದರೆ ಉಂಡದ್ದು ಅರಗದು ಎಂಬಂತಿದ್ದರು ಆ ಭೂಗೋಳದ ಮೇಷ್ಟ್ರು. ಬಸ್ಸು ತಪ್ಪಿದರೆ ‘ಇನ್ನೊಂದು ಬರುತ್ತೆ ಬಿಡು’, ಬಂದರೆ ‘ಬಂತು ಬಿಡು’. ನಾನು ಕಾಫಿಗೆ ಸಕ್ಕರೆ ಮರೆತಾಗಲೂ ‘ಒಳ್ಳೇದೇ ಆಯ್ತು ಬಿಡಮ್ಮ’. ಪರದೇಶದ ಆ ಅಂತರರಾಷ್ಟ್ರೀಯ ಶಾಲೆಯಲ್ಲಿ ಕನ್ನಡ ಬಲ್ಲವರು ಇಬ್ಬರೇ: ಅರವತ್ತರ ಅಂಚಿನ ಅವರು, ಮತ್ತು ಆರು ವರ್ಷದ ನನ್ನ ಮಗಳು.

ನೆಲವನ್ನು ಅಳೆಯುತ್ತಿರುವಂತೆ ಎಣಿಸಿ ಇಡುವ ಹೆಜ್ಜೆ. ಸಕಲ ಋತುಗಳಿಗೂ ಒಂದೇ ಬೂದುಬಣ್ಣದ ಕೋಟು. ಅದರ ಜೇಬುಗಳಲ್ಲಿ ಸೀಮೆಸುಣ್ಣ, ಪಿನ್ನು, ಮೊಳದುದ್ದದ ಹುರಿಯ ತುಂಡುಗಳು. ಲೋಕದ ಅರ್ಧ ಕಷ್ಟಗಳಿಗೆ ಜಾರುಗಂಟೇ ಪರಿಹಾರವೆಂಬುದು ಅವರ ಅಚಲ ಸಿದ್ಧಾಂತ. ನಕ್ಷೆಯ ಸುರುಳಿಗೂ ಮಕ್ಕಳ ಬೂಟಿಗೂ ಅದೇ ಗಂಟು. ತುದಿ ಎಳೆದರೆ ಸರ್ರನೆ ಬಿಚ್ಚಿಕೊಳ್ಳಬೇಕು. ಬೇರೆಯವರು ಕಟ್ಟಿದ್ದು ಕಣ್ಣಿಗೆ ಬಿದ್ದರೆ ಅದನ್ನು ಬಿಚ್ಚಿ, ತಾವೇ ಮತ್ತೆ ಕಟ್ಟುವ ಹಟ ಬೇರೆ.

ಮಗಳು ಶಾಲೆಗೆ ಸೇರಿ ನಾಲ್ಕು ತಿಂಗಳಾದರೂ ತರಗತಿಯಲ್ಲಿ ತುಟಿ ಪಿಟಕ್ಕೆಂದಿರಲಿಲ್ಲ. ಹೀಗೇ ಆದರೆ ಇನ್ನೊಂದು ವರ್ಷ ಅಲ್ಲೇ ಕೂರಿಸಬೇಕಾದೀತೆಂದು ಅವಳ ಟೀಚರ್ ಮೃದುವಾಗಿಯೇ ಹೇಳಿದ್ದರು. ಯಾವ ದೇಶದ ರಾಷ್ಟ್ರೀಯ ಹಬ್ಬವೋ ಆ ದೇಶದ ಮಗುವೇ ಬಾವುಟ ಬಿಚ್ಚಿ ಒಂದು ಮಾತು ಹೇಳಬೇಕೆಂಬುದು ಆ ಶಾಲೆಯ ರೂಢಿ. ನಮ್ಮ ಸರದಿ ಬಂದಾಗ ಮೇಷ್ಟ್ರು ನನ್ನನ್ನೂ ಕೇಳದೆ ಮಗಳ ಹೆಸರು ಬರೆಸಿದರು. ನಾನು ಬೇಡವೆಂದೆ. ‘ಮಾತಾಡ್ತಾಳೆ ಬಿಡಮ್ಮ’ ಎಂದರು. ಅವಳೋ ಒಂದು ವಾರ ಫ್ರಿಜ್ಜಿನ ಮುಂದೆ ನಿಂತು, ಅದೊಂದಕ್ಕೇ ತನ್ನ ಮಾತನ್ನು ಒಪ್ಪಿಸಿದಳು.

ಅಂದು ಬೆಳಿಗ್ಗೆ ಮೈದಾನದಲ್ಲಿ ಮುನ್ನೂರು ಮಕ್ಕಳು. ಮೇಷ್ಟ್ರೇ ಮಡಿಸಿ ಕಟ್ಟಿದ ಬಾವುಟದ ಪೊಟ್ಟಣ ಕಂಬದ ತುದಿಗೇರಿತು. ಹಗ್ಗ ಮಗಳ ಕೈ ಸೇರಿತು. ಎಳೆದಳು, ಗಂಟು ಬಿಚ್ಚಲಿಲ್ಲ. ಮತ್ತೆ ಎಳೆದಳು. ಕೆಳದುಟಿ ನಡುಗತೊಡಗಿತು. ಮೇಷ್ಟ್ರು ಬಾಗಿ, ಅಭ್ಯಾಸಬಲದಿಂದ, ಸಮಾಧಾನ ಹೇಳಿದರು: ‘ಇರಲಿ ಬಿಡು, ಪುಟ್ಟಿ.’

ಬಿಟ್ಟಳು. ಎರಡೂ ಕೈ ಬಿಟ್ಟಳು.

ಪೊಟ್ಟಣ ಬರ್ರನೆ ಕೆಳಗಿಳಿಯಿತು. ಆ ಅಳತೆಯ ಹೆಜ್ಜೆಯವರು ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕೋಟಿನ ಅಂಚುಗಳನ್ನು ಮಡಿಲಿನಂತೆ ಒಡ್ಡಿ, ನೆಲ ಮುಟ್ಟುವ ಮೊದಲೇ ಹಿಡಿದುಬಿಟ್ಟರು. ಆಗ ನನ್ನ ಮಗಳು ಸೊಂಟದ ಮೇಲೆ ಕೈಯಿಟ್ಟು, ಕೊನೆಯ ಸಾಲಿಗೂ ಕೇಳುವಂತೆ ಅಂದಳು: ‘ಬಿಡು ಅಂದಿದ್ದು ನೀವೇ ತಾನೇ, ಮೇಷ್ಟ್ರೇ?’

ಮೊದಲು ನಕ್ಕವರು ಅವರೇ. ಅವಳಂದದ್ದನ್ನು ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಹೇಳಿ, ನಡುದಾರಿಯಲ್ಲೇ ಬಿಚ್ಚಿಕೊಂಡೀತೆಂದು ಹೆದರಿ ತಾವೇ ಎರಡು ಸುತ್ತು ಹೆಚ್ಚು ಬಿಗಿದಿದ್ದನ್ನೂ ಒಪ್ಪಿಕೊಂಡರು. ಮುನ್ನೂರು ಮಕ್ಕಳು ನಕ್ಕರು, ಮಗಳೂ ನಕ್ಕಳು. ಮತ್ತೆ ಕಟ್ಟಿದರು. ಈ ಸಲ ಬಾಯಿ ಬಿಗಿಹಿಡಿದು, ಬೆರಳಲ್ಲೇ ಸನ್ನೆ ಮಾಡಿದರು. ಬಾವುಟ ಅರಳಿತು. ‘ಇದು ನಮ್ಮ ಬಾವುಟ’ ಎಂದು ಮಗಳು ಶಾಲೆಯ ಭಾಷೆಯಲ್ಲೇ ಹೇಳಿ, ಫ್ರಿಜ್ಜಿಗೂ ಹೇಳದಿದ್ದ ಇನ್ನೊಂದು ಮಾತು ಸೇರಿಸಿದಳು: ‘ಗಂಟು ಮಾತ್ರ ಮೇಷ್ಟ್ರದು.’

ಆ ವಾರದ ಕೊನೆಗೆ ಟೀಚರ್ ಕಳಿಸಿದ ಚೀಟಿ ನನ್ನ ದಿನಚರಿಯಲ್ಲಿ ಇನ್ನೂ ಅಂಟಿಕೊಂಡಿದೆ: ‘ಮಾತಾಡುತ್ತಾಳೆ. ಜೋರಾಗಿ.’

ಮಾತುಮಾತಿಗೆ ‘ಬಿಡು’ ಎನ್ನುವ ಇಂಥವರ ಬಗೆಯೇ ಬೇರೆ. ತಪ್ಪಿದ ಬಸ್ಸನ್ನು ಬಿಡುತ್ತಾರೆ, ಸಕ್ಕರೆಯನ್ನು ಬಿಡುತ್ತಾರೆ, ಮುನಿಸನ್ನಂತೂ ಹುಟ್ಟುವ ಮೊದಲೇ ಬಿಡುತ್ತಾರೆ. ಕಣ್ಣೆದುರು ಬೀಳುತ್ತಿರುವುದನ್ನು ಮಾತ್ರ ಬಿಡಲಾರರು.