ಅಜ್ಜಿ ಬಚ್ಚಿಟ್ಟ ಬುತ್ತಿ

ಥಾಯ್‌ಬಿನ್ ಸೀಮೆಯ ನಮ್ಮೂರಲ್ಲಿ ಯಾರೇ ದೂರ ಹೊರಟರೂ ಮೊದಲು ಎದುರಾಗುವ ತೊಂದರೆ ಒಂದೇ, ಪೆಟ್ಟಿಗೆ ಮುಚ್ಚುವುದಿಲ್ಲ. ಹೊರಡುವವರು ಎರಡು ಅಂಗಿ ಇಟ್ಟುಕೊಂಡರೆ ಮನೆಯವರು ನಾಲ್ಕು ಪೊಟ್ಟಣ ತುರುಕುತ್ತಾರೆ. ಅಕ್ಕಪಕ್ಕದವರು ಇನ್ನೆರಡು ತಂದುಕೊಡುತ್ತಾರೆ. ಬರಿಗೈಲಿ ಕಳಿಸಿದರೆ ಕಳಿಸಿದವರ ಮಾನವೇ ಹೋದಂತೆ.

ಲಿಯೆನ್ ತೈವಾನಿಗೆ ಹೊರಟ ದಿನವೂ ಹೀಗೆಯೇ ಆಯಿತು. ಹತ್ತೊಂಬತ್ತರ ಹುಡುಗಿ, ಅಲ್ಲಿನ ಕಾಲೇಜಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಹತ್ತು ಗಂಟೆಗೆ ಕಾರು ಬರಬೇಕು, ಮಧ್ಯಾಹ್ನ ಹನೋಯಿಯಿಂದ ವಿಮಾನ. ಒಂಬತ್ತಕ್ಕೆ ಅವಳ ಅಜ್ಜಿ ಥೋಮ್ ಪೆಟ್ಟಿಗೆಯ ಮೇಲೆ ಕುಳಿತು ಅದುಮುತ್ತಿದ್ದಳು, ಮೊಮ್ಮಗಳು ಜಿಪ್ಪು ಎಳೆಯುತ್ತಿದ್ದಳು.

"ನಿನ್ನೆ ಸಂಜೆ ಮುಚ್ಚಿತ್ತಲ್ಲ ಅಜ್ಜಿ, ಈಗ್ಯಾಕೆ ಆಗ್ತಿಲ್ಲ?"

"ಥಂಡಿಗೆ ಬಟ್ಟೆ ಉಬ್ಬಿರುತ್ತೆ ಕಣೇ. ಎಳಿ, ಎಳಿ."

ಬಟ್ಟೆ ಉಬ್ಬಿರಲಿಲ್ಲ. ಸ್ವೆಟರುಗಳ ನಡುವೆ ಬಿಸ್ಕತ್ತಿನ ಡಬ್ಬಿಯೊಂದು ಸೇರಿಕೊಂಡಿತ್ತು. ಅದರ ತುಂಬ ರುವೊಕ್. ಹಂದಿಮಾಂಸವನ್ನು ಮೀನಿನ ರಸದಲ್ಲಿ ಬೇಯಿಸಿ, ಒರಳಲ್ಲಿ ಕುಟ್ಟಿ, ಸಣ್ಣ ಉರಿಯಲ್ಲಿ ಹತ್ತಿಯಂತೆ ಹಗುರಾಗುವವರೆಗೆ ಹುರಿದದ್ದು. ಅಜ್ಜಿ ಎರಡು ದಿನ ಕೂತು ಮಾಡಿದ್ದಳು. ಲಿಯೆನ್‌ಗೆ ನಾಲ್ಕು ವರ್ಷವಿದ್ದಾಗ ಜ್ವರ ಬಂದು, ಬಾಯಿಗೆ ಏನಿಟ್ಟರೂ ಉಗುಳುತ್ತಿದ್ದಳು. ಗಂಜಿಯ ಮೇಲೆ ಒಂದು ಚಿಟಿಕೆ ರುವೊಕ್ ಉದುರಿಸಿದ ಮೇಲೆಯೇ ಅವಳು ಬಾಯಿ ತೆರೆದದ್ದು. ಅಂದಿನಿಂದ ಅಜ್ಜಿಗೆ ಒಂದೇ ನಂಬಿಕೆ, ರುವೊಕ್ ಇದ್ದರೆ ಈ ಹುಡುಗಿ ಉಪವಾಸ ಬೀಳುವುದಿಲ್ಲ.

ಅಲ್ಲಿಗೆ ಮಾಂಸ ಒಯ್ಯಲು ಬಿಡುವುದಿಲ್ಲವಂತೆ ಎಂದು ಲಿಯೆನ್ ವಾರದ ಹಿಂದೆಯೇ ಹೇಳಿದ್ದಳು. ಅಜ್ಜಿ ಹೂಂಗುಟ್ಟಿದ್ದಳು. ರುವೊಕ್ ಮಾಂಸ ಹೇಗಾಗುತ್ತದೆ ಎಂಬುದು ಅವಳ ವಾದ. ಆದರೆ ವಾದ ಮಾಡಲು ಹೋದರೆ ಸೋಲಬೇಕಾದೀತು ಎಂದು ಬಾಯಿ ಮುಚ್ಚಿಕೊಂಡು ಡಬ್ಬಿ ತುರುಕಿದ್ದಳು.

ಅಷ್ಟರಲ್ಲಿ ಬಾಗಿಲಲ್ಲಿ ಕ್ವೆನ್ ಬಂದು ನಿಂತಳು. ಊರಿನ ದನ, ಹಂದಿ, ಕೋಳಿಗಳಿಗೆ ಔಷಧಿ ನೋಡುವ ಸರಕಾರಿ ಕೆಲಸ ಅವಳದು. ಅಜ್ಜಿ ಮುಖ ತಿರುಗಿಸಿದಳು. ಮೂರು ವರ್ಷದಿಂದ ಮಾತಿಲ್ಲ. ಹಂದಿಗಳನ್ನಷ್ಟೇ ಕೊಲ್ಲುವ ಹಂದಿಜ್ವರ ಬಂದ ವರ್ಷ ಬಿಳಿ ಅಂಗಿ ತೊಟ್ಟು, ಸುಣ್ಣದ ಮೂಟೆ ಹೊತ್ತು ಬಂದು, ಅಜ್ಜಿಯ ತಾಯಿ ಹಂದಿಯನ್ನೂ ಹನ್ನೊಂದು ಮರಿಗಳನ್ನೂ ಹೂಳಿಸಿದವಳು ಇದೇ ಕ್ವೆನ್.

ಲಿಯೆನ್‌ಳ ತಾಯಿ ಒಳಗೆ ಕರೆದು ಚಹಾ ಕೊಟ್ಟಳು. ಕ್ವೆನ್ ಹುಡುಗಿಯ ತಲೆ ಸವರಿ, "ಕಾಗದಪತ್ರ ಎಲ್ಲ ಕೈಚೀಲದಲ್ಲಿ ಇದೆ ತಾನೆ? ಪೆಟ್ಟಿಗೇಲಿ ಮಾಂಸ ಗೀಂಸ ಇಲ್ಲ ತಾನೆ?" ಎಂದಳು.

"ಇಲ್ಲ ಅಕ್ಕಾ."

"ಸರಿ ಬಿಡು. ಹೋದ ವರ್ಷ ಪಕ್ಕದ ಊರಿನ ಹುಡುಗ ಒಬ್ಬ ಸಾಸೇಜು ಒಯ್ದಿದ್ದ. ಅಲ್ಲಿ ವಿಮಾನ ಇಳಿದ ಕಡೆ ಮೂಸೋ ನಾಯಿ ಇಟ್ಟಿರ್ತಾರೆ. ಸೀದಾ ಬಂದು ಅವನ ಚೀಲದ ಹತ್ರ ಕೂತ್ಕೊಳ್ತಂತೆ. ಕಟ್ಟೋಕಾಗದಷ್ಟು ದಂಡ. ಕಟ್ಟದೆ ಒಳಕ್ಕೆ ಬಿಡಲ್ಲ ಅಂದ್ರು. ಬಂದ ದಾರೀಲೇ ವಾಪಸ್ ಬಂದ."

ಅಜ್ಜಿಗೆ ಕೂತ ಪೆಟ್ಟಿಗೆ ಒಮ್ಮೆಲೇ ಬಿಸಿಯಾದಂತಾಯಿತು. ಆದರೂ ಸುಮ್ಮನಿರುವ ಜಾಯಮಾನ ಅವಳದಲ್ಲ. ಮೂರು ವರ್ಷದ ಮೌನ ಅಲ್ಲಿಗೆ ಮುರಿಯಿತು.

"ಸಾಸೇಜು ಅಂದ್ರೆ ಮಾಂಸ. ಹಿಡಿದ್ರು, ಸರಿ. ಬೇಯಿಸಿ, ಕುಟ್ಟಿ, ಹುರಿದಿದ್ದು ಮಾಂಸ ಹೆಂಗಾಗುತ್ತೆ? ಅದು ಹತ್ತಿ."

"ರುವೊಕ್ಕಾ ಅಜ್ಜಿ?"

"ಮಾತಿಗೆ ಕೇಳ್ದೆ."

"ಅದೂ ಬಿಡಲ್ಲ. ಹಸೀದು, ಬೆಂದಿದ್ದು, ಒಣಗಿಸಿದ್ದು, ಹಂದಿಜ್ವರದ ಭಯಕ್ಕೆ ಯಾವುದೂ ಬಿಡಲ್ಲ."

"ನನ್ನ ಕೈಯಡಿಗೇಲಿ ರೋಗ ಇರುತ್ತಾ?"

ಕ್ವೆನ್ ಚಹಾದ ಬಟ್ಟಲು ಕೆಳಗಿಟ್ಟಳು. "ನಿಮ್ಮ ಕೈಯಡಿಗೇಲಿ ಇರಲ್ಲ ಅಜ್ಜಿ, ನಂಗೆ ಗೊತ್ತು. ಚೆನ್ನಾಗಿ ಬೆಂದ್ರೆ ಆ ರೋಗ ಸಾಯುತ್ತೆ. ಅರೆಬೆಂದಿದ್ರಲ್ಲಿ, ಒಣಗಿಸಿದ್ರಲ್ಲಿ ತಿಂಗಳುಗಟ್ಟಲೆ ಇರುತ್ತೆ. ಗೇಟಲ್ಲಿ ನಿಂತೋನಿಗೆ ಯಾವ ಅಜ್ಜಿ ಎಷ್ಟು ಬೇಯಿಸಿದ್ಲು ಅಂತ ಹೆಂಗೆ ಗೊತ್ತಾಗಬೇಕು? ಅದಕ್ಕೆ ಎಲ್ಲಾನೂ ತಡೀತಾರೆ."

"ಮನುಷ್ಯರಿಗೆ ಬರದ ರೋಗಕ್ಕೆ ಇಷ್ಟೊಂದು ಕಾಟವಾ?"

"ಮನುಷ್ಯರಿಗೆ ಬರಲ್ಲ. ಆದ್ರೆ ತಿಂದು ಮಿಕ್ಕಿದ್ದು ಎಲ್ಲಿಗೆ ಹೋಗುತ್ತೆ? ಎಂಜಲಿಗೆ. ಎಂಜಲು ಹಂದಿಗೆ." ಕ್ವೆನ್ ದನಿ ತಗ್ಗಿಸಿದಳು. "ಆ ವರ್ಷ ನಿಮ್ಮ ಗೂಡಿಗೂ ಹಂಗೇ ಬಂದಿರಬೇಕು. ನೀವು ನೊಂದ್ಕೋತೀರಾ ಅಂತ ಇಷ್ಟು ದಿನ ಹೇಳಿರಲಿಲ್ಲ."

ಅಜ್ಜಿಗೆ ನೆನಪಾಯಿತು. ಅದಕ್ಕೆ ಮುಂಚೆ ಊರಲ್ಲೊಂದು ಮದುವೆಯಾಗಿತ್ತು. ಎಲ್ಲೆಲ್ಲಿಂದಲೋ ನೆಂಟರು ಬಂದಿದ್ದರು. ಆ ಮನೆಯ ಎಂಜಲನ್ನು ಎರಡು ಬಕೆಟ್ಟು ತಂದು ತಾನೇ ಸುರಿದಿದ್ದಳು, ಬೇಯಿಸದೆ. ತಾಯಿ ಹಂದಿ ಖುಷಿಯಿಂದ ತಿಂದಿತ್ತು. ಆಮೇಲೊಂದು ಬೆಳಿಗ್ಗೆ ಅದು ಏಳಲಾಗದೆ ಅವಳ ಪಾದದ ಮೇಲೆ ತಲೆ ಇಟ್ಟು ಮಲಗಿತ್ತು. ಇಷ್ಟು ವರ್ಷ ಬಿಳಿ ಅಂಗಿಯವಳನ್ನು ಬೈದುಕೊಂಡದ್ದೆಲ್ಲ ಈಗ ತನಗೇ ತಿರುಗಿ ಚುಚ್ಚಿತು.

"ಅಲ್ಲೂ ನನ್ನಂಥ ಯಾವಳೋ ಮುದುಕಿ ಹಂದಿ ಸಾಕಿರ್ತಾಳೆ," ಎಂದಳು ಅಜ್ಜಿ, ತನ್ನಷ್ಟಕ್ಕೇ ಹೇಳಿಕೊಂಡಂತೆ. ಆಮೇಲೆ ಮೊಣಕಾಲು ಹಿಡಿದುಕೊಂಡು ಎದ್ದಳು. "ಲಿಯೆನ್, ಪೆಟ್ಟಿಗೆ ಬಿಚ್ಚು."

"ಅಯ್ಯೋ, ಈಗ ತಾನೇ ಮುಚ್ತಾ ಬಂತು ಅಜ್ಜಿ."

"ಬಿಚ್ಚು ಅಂದೆ."

ಡಬ್ಬಿ ಹೊರಗೆ ಬಂತು. ಲಿಯೆನ್ ಮುಚ್ಚಳ ತೆಗೆದು ನೋಡಿದಳು, ಅಜ್ಜಿಯ ಮುಖ ನೋಡಿದಳು. ತನಗೇ ಗೊತ್ತಿಲ್ಲದೆ ತನ್ನ ಹೆಸರಿನ ಪೆಟ್ಟಿಗೆಯಲ್ಲಿ ಇದನ್ನು ಹೊತ್ತು ಆ ಗೇಟಿನ ಮುಂದೆ ನಿಲ್ಲಬೇಕಿತ್ತು. ಬೈಯಲು ಬಾಯಿ ತೆರೆದವಳಿಗೆ ಅಳು ಬಂತು. ಅಜ್ಜಿಯ ಅಂಗೈಯಲ್ಲಿ ಒನಕೆ ಎಬ್ಬಿಸಿದ ಬೊಬ್ಬೆ ಇನ್ನೂ ಆರಿರಲಿಲ್ಲ.

"ನಾನು ಕಳ್ಳಿ ಕಣೇ," ಎಂದಳು ಅಜ್ಜಿ. "ನಿನ್ನ ಓದನ್ನೇ ಕಳೀತಿದ್ದೆ."

"ಸುಮ್ನಿರು ಅಜ್ಜಿ. ಹಸಿವಾಗ್ತಿದೆ, ಅನ್ನ ಹಾಕು."

ತಾಯಿ ಬಿಸಿ ಅನ್ನ ತಂದಳು. ಎಲ್ಲರೂ ಚಾಪೆಯ ಮೇಲೆ ಕುಳಿತರು. ಕ್ವೆನ್ ಎದ್ದು ಹೊರಟಾಗ ಅಜ್ಜಿ ಅವಳ ಕೈ ಹಿಡಿದು ಕೂರಿಸಿ, ಮೊದಲ ಹಿಡಿ ರುವೊಕ್ ಅವಳ ಬಟ್ಟಲಿಗೇ ಹಾಕಿದಳು. ಕಾರಿನವನು ಬಂದು ಹಾರನ್ ಬಾರಿಸಿದ. ಅವನನ್ನೂ ಒಳಗೆ ಕರೆದರು. "ಏನಜ್ಜಿ, ಬಾಯಲ್ಲಿ ಕರಗುತ್ತಲ್ಲ," ಎಂದ ಅವನು ಎರಡು ಬಟ್ಟಲು ಖಾಲಿ ಮಾಡಿದ.

"ಅಲ್ಲಿ ಏನು ತಿಂತೀಯೋ," ಎಂದು ಅಜ್ಜಿ ಮತ್ತೆ ಶುರು ಮಾಡಿದಳು.

"ಅಲ್ಲಿನ ಮಾಂಸ ಅಲ್ಲೇ ಕೊಂಡು ತಿನ್ನಬಹುದು ಅಜ್ಜಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ," ಎಂದಳು ಕ್ವೆನ್. "ಮಾಡೋದು ಕಲಿಸಿ ಕಳಿಸಿ."

ಅಜ್ಜಿಗೆ ಅದು ಹೊಳೆದೇ ಇರಲಿಲ್ಲ. ಓದುವ ಹುಡುಗಿ ಎಂದು ಒರಳ ಹತ್ತಿರ ಬಿಟ್ಟವಳೇ ಅಲ್ಲ. ಕಾರಿನವನು ಪೆಟ್ಟಿಗೆ ಎತ್ತಿಡುವಾಗ ಅವಳು ಮೊಮ್ಮಗಳನ್ನು ಕಂಬದ ಬಳಿ ನಿಲ್ಲಿಸಿಕೊಂಡು ಹೇಳತೊಡಗಿದಳು. ತೊಡೆಯ ಮಾಂಸ ತಗೋ, ಕೊಬ್ಬು ಬೇಡ. ಎಳೆ ಹೋದ ಕಡೆಗೇ ಕೊಯ್ಯಿ. ನೀರು ಇಂಗೋವರೆಗೆ ಬೇಯಿಸು.

"ಹಾಸ್ಟೆಲಲ್ಲಿ ಒರಳು ಇರಲ್ಲ ಅಜ್ಜಿ."

"ಲೋಟದ ತಳದಲ್ಲಿ ಕುಟ್ಟು. ಬಿಸಿ ಇರುವಾಗ್ಲೇ ಕುಟ್ಟಬೇಕು. ಹುರಿಯುವಾಗ ಫೋನು ನೋಡ್ತಾ ನಿಂತ್ಕೋಬೇಡ, ಸೀದುಹೋಗುತ್ತೆ."

ಲಿಯೆನ್ ಒಂದೊಂದನ್ನೂ ತಿರುಗಿ ಹೇಳಿ ಒಪ್ಪಿಸಿದಳು. ಅಜ್ಜಿ ತಲೆಯಾಡಿಸಿದಳು. ಕಾರು ಏರಿಯ ತಿರುವು ದಾಟುವವರೆಗೆ ನಿಂತು, ಆಮೇಲೆ ಸೆರಗಿಲ್ಲದ ಅಂಗಿಯ ತುದಿಯಲ್ಲೇ ಕಣ್ಣೊರೆಸಿಕೊಂಡಳು. ಆ ರಾತ್ರಿ ಫೋನು ಬಂತು. ನಾಯಿ ಬಂದು ಮೂಸಿ ಸುಮ್ಮನೆ ಮುಂದೆ ಹೋಯಿತಂತೆ.

ಓದುಗರೇ, ನಿಮ್ಮ ಮನೆಯಿಂದಲೂ ನಾಳೆ ಯಾರಾದರೂ ಪರದೇಶಕ್ಕೆ ಓದಲು ಹೊರಡಬಹುದು. ಏನನ್ನು ಬಿಡುತ್ತಾರೆ, ಏನನ್ನು ಬಿಡುವುದಿಲ್ಲ ಎಂದು ಮೊದಲೇ ಕೇಳಿ ತಿಳಿಯಿರಿ. ಹೊರಡುವವರಿಗೆ ತಿಳಿಸದೆ ಒಂದು ಚೂರನ್ನೂ ಒಳಗಿಡಬೇಡಿ. ಅನುಮಾನವಿದ್ದರೆ ತಪಾಸಣೆಗೆ ಮೊದಲೇ ಅಲ್ಲಿನ ಅಧಿಕಾರಿಗಳಿಗೆ ತೋರಿಸಲು ಹೇಳಿ. ಹಂದಿ ಸಾಕಿದವರು ಎಂಜಲನ್ನು ಹಾಕಲೇಬೇಡಿ. ನಾಚಿಕೆಯಾಗಿ ಕೇಳದೆ ಉಳಿದರೆ ನಮ್ಮೂರಿಗೆ ಬನ್ನಿ. ಈಗ ಇಲ್ಲಿ ಯಾರು ಹೊರಟರೂ ಥೋಮ್ ಅಜ್ಜಿ ಕರೆಯದೆಯೇ ಬಂದು ಪೆಟ್ಟಿಗೆಯ ಮುಂದೆ ಕೂರುತ್ತಾಳೆ.

"ಬಿಚ್ಚಿ ಎಲ್ಲಾನೂ," ಎನ್ನುತ್ತಾಳೆ. "ನಾಯಿಗೆ ಮೂಗಿದೆ. ನಂಗೆ ಅಜ್ಜಿಯರ ಬುದ್ಧಿ ಗೊತ್ತು."